ಡ್ರೂಯಿಡ್ ಮಾರ್ಗದ ಬಗ್ಗೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನೆಲೆಸಿದ ಮೇಲೆ ನಾನು ಪ್ರಕೃತಿಯನ್ನು ಕೇಂದ್ರದಲ್ಲಿಟ್ಟ ಡ್ರೂಯಿಡ್ ಅಧ್ಯಾತ್ಮದ ಅಧ್ಯಯನಕ್ಕೆ ತೊಡಗಿದೆ. ಮಲೆನಾಡಿನ ಮನೆಗೆ ಹೋದಾಗ ಬಂಧುಗಳು, ಇಲ್ಲಿನ ಕನ್ನಡ ಬಳಗದವರು, ಎಲ್ಲಿಂದಲೋ ಪತ್ರ ಬರೆಯುವ ಅಪರಿಚಿತರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಅವರವರ ಮಾತಿನಲ್ಲೇ ಅವುಗಳನ್ನು ಇಲ್ಲಿ ಇಟ್ಟಿದ್ದೇನೆ. ನಾನು ಯಾವ ಸಂಘದ ಪರವಾಗಿಯೂ ಮಾತನಾಡುತ್ತಿಲ್ಲ, ಇನ್ನೂ ಓದುತ್ತಿರುವವಳು.

## ಮೊದಲ ಪರಿಚಯ

ಡ್ರೂಯಿಡ್ ಎಂದರೆ ಕಾಮಿಕ್ ಪುಸ್ತಕದಲ್ಲಿ ಮದ್ದು ಕುದಿಸುವ ಬಿಳಿ ಗಡ್ಡದ ಅಜ್ಜನೇ?

ಆ ಅಜ್ಜನ ಮೂಲಪುರುಷರು ನಿಜವಾಗಿಯೂ ಇದ್ದರು. ಕ್ರಿಸ್ತಪೂರ್ವ ಕೊನೆಯ ಶತಮಾನಗಳಲ್ಲಿ ಇಂದಿನ ಫ್ರಾನ್ಸ್, ಬ್ರಿಟನ್ ಮತ್ತು ಐರ್ಲೆಂಡ್‌ಗಳ ಕೆಲ್ಟಿಕ್ ಭಾಷಿಕ ಸಮಾಜಗಳಲ್ಲಿ ಪೂಜೆ, ನ್ಯಾಯ, ಬೋಧನೆಗಳನ್ನು ನಡೆಸುತ್ತಿದ್ದ ವಿದ್ವಾಂಸ ವರ್ಗವದು. ಗಾಲ್ ದೇಶವನ್ನು ಗೆದ್ದ ಜೂಲಿಯಸ್ ಸೀಸರ್ ಬರೆದಿರುವಂತೆ ಅವರಿಗೆ ಯುದ್ಧದಿಂದಲೂ ತೆರಿಗೆಯಿಂದಲೂ ವಿನಾಯಿತಿ ಇತ್ತು. ಕೆಲವರು 20 ವರ್ಷ ಕಲಿಯುತ್ತಿದ್ದರು. ಕಲಿತದ್ದನ್ನು ಬರೆದಿಡುವುದು ನಿಷಿದ್ಧವಾಗಿತ್ತು. ಸತ್ತ ಮೇಲೆ ಆತ್ಮ ಇನ್ನೊಂದು ದೇಹಕ್ಕೆ ಹೋಗುತ್ತದೆ ಎಂದು ಅವರು ಬೋಧಿಸುತ್ತಿದ್ದರಂತೆ. ಬಿಳಿ ಉಡುಪು ತೊಟ್ಟು, ಓಕ್ ಮರ ಹತ್ತಿ, ಚಿನ್ನದ ಕುಡುಗೋಲಿನಿಂದ ಬಂದಳಿಕೆ ಕೊಯ್ಯುವ ಚಿತ್ರ ಬಂದದ್ದು ಮತ್ತೊಬ್ಬ ರೋಮನ್ ಲೇಖಕ ಪ್ಲಿನಿಯಿಂದ. ಆ ಒಂದು ವರ್ಣನೆ ಯೂರೋಪಿನ ಚಿತ್ರಕಾರರಿಗೆಲ್ಲ ಕೈತುಂಬ ಕೆಲಸ ಕೊಟ್ಟಿತು.

ಹಾಗಾದರೆ ನೀವು ಕಲಿಯುತ್ತಿರುವುದು ಎರಡು ಸಾವಿರ ವರ್ಷದ ಪರಂಪರೆಯೇ?

ಅಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುವುದು ಒಳ್ಳೆಯದು. ಕ್ರಿಸ್ತಶಕ ಮೊದಲ ಶತಮಾನದಲ್ಲಿ ರೋಮನ್ ಚಕ್ರವರ್ತಿಗಳು ಡ್ರೂಯಿಡ್‌ರನ್ನು ದಮನ ಮಾಡಿದರು. ಕ್ರಿ.ಶ. 60ರ ಆಸುಪಾಸಿನಲ್ಲಿ ವೇಲ್ಸ್‌ನ ಆಂಗ್ಲಿಸಿ ದ್ವೀಪಕ್ಕೆ ನುಗ್ಗಿದ ರೋಮನ್ ಸೈನ್ಯ ಅಲ್ಲಿನ ಪವಿತ್ರ ವನಗಳನ್ನು ಕಡಿದುಹಾಕಿದ್ದನ್ನು ರೋಮನ್ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಐರ್ಲೆಂಡ್‌ನಲ್ಲಿ ಇನ್ನೂ ಕೆಲವು ಶತಮಾನ ಉಳಿದರು, ಆಮೇಲೆ ಅಲ್ಲೂ ಇಲ್ಲವಾದರು. ಬರೆದಿಡದ ವಿದ್ಯೆ ಅವರೊಂದಿಗೇ ಹೋಯಿತು.

ಇಂದಿನ ಮಾರ್ಗದ ಬೇರು 18ನೆಯ ಶತಮಾನದ್ದು. ಅದರ ನಾಯಕ ಎಡ್ವರ್ಡ್ ವಿಲಿಯಮ್ಸ್ ಎಂಬ ವೇಲ್ಸ್‌ನ ಕಲ್ಲುಕುಟಿಗ. ಕಾವ್ಯನಾಮ ಯೋಲೋ ಮೋರ್ಗಾನುಗ್, 1747ರಲ್ಲಿ ಹುಟ್ಟಿದವನು. ಮಹಾ ಪಂಡಿತ, ಅಫೀಮಿನ ದ್ರಾವಣಕ್ಕೆ ದಾಸ, ಜೊತೆಗೆ ಪ್ರತಿಭಾವಂತ ನಕಲುಗಾರ. ತಾನೇ ಬರೆದ ಕವಿತೆಗಳನ್ನು 14ನೆಯ ಶತಮಾನದ ಕವಿ ದಾವಿಡ್ ಅಪ್ ಗ್ವಿಲಿಮ್‌ನ ಹೆಸರಿನಲ್ಲಿ ಸಾಗಹಾಕಿದ. ವಿದ್ವಾಂಸರು ಅದನ್ನು ಸಾಬೀತುಪಡಿಸಲು 20ನೆಯ ಶತಮಾನದವರೆಗೆ ಕಾಯಬೇಕಾಯಿತು. 1792ರಲ್ಲಿ ಲಂಡನ್‌ನ ಪ್ರಿಮ್‌ರೋಸ್ ಗುಡ್ಡದ ಮೇಲೆ ಕವಿಗಳ ಸಭೆ ಸೇರಿಸಿ, ಇದು ಪ್ರಾಚೀನ ಡ್ರೂಯಿಡ್‌ರ ವಿಧಿ ಎಂದು ಘೋಷಿಸಿದ. ವಿಧಿಯನ್ನು ಕಟ್ಟಿದವನು ಅವನೇ. ಈ ಮನುಷ್ಯನ ಮೇಲೆ ನನಗೆ ಕೋಪ ಬರುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ: ತನ್ನ ಪುಟ್ಟ ಅಂಗಡಿಯಲ್ಲಿ ಗುಲಾಮರ ದುಡಿಮೆಯ ಸಕ್ಕರೆ ಮಾರಲು ಒಪ್ಪದೆ, ಈಸ್ಟ್ ಇಂಡಿಯಾ ಸಕ್ಕರೆಯನ್ನೇ ಇಟ್ಟುಕೊಂಡವನು ಅವನು.

ಪ್ರಕೃತಿಯನ್ನು ಕೇಂದ್ರದಲ್ಲಿಟ್ಟ ಇಂದಿನ ರೂಪ ಇನ್ನೂ ಈಚಿನದು. ನಾನು ಓದುತ್ತಿರುವ ಸಂಘವನ್ನು ರಾಸ್ ನಿಕೋಲ್ಸ್ ಎಂಬ ಕವಿ 1964ರಲ್ಲಿ ಸ್ಥಾಪಿಸಿದರು. ಅವರು 1975ರಲ್ಲಿ ತೀರಿಕೊಂಡ ಮೇಲೆ ಮಂಕಾಗಿದ್ದ ಅದಕ್ಕೆ 1988ರಲ್ಲಿ ಫಿಲಿಪ್ ಕಾರ್-ಗೊಮ್ ಮರುಜೀವ ಕೊಟ್ಟರು. ಪ್ರಾಚೀನ ಎಂಬ ಮುದ್ರೆ ಇಲ್ಲದಿದ್ದರೆ ಅಧ್ಯಾತ್ಮವೇ ಅಲ್ಲ ಎನ್ನುವವರಿಗೆ ಇದು ನಿರಾಸೆ ತರಬಹುದು. ನನಗೆ ತರಲಿಲ್ಲ. ಮರದ ಕೆಳಗೆ ಕೂರಲು ವಂಶಾವಳಿ ತೋರಿಸಬೇಕಾಗಿಲ್ಲ.

ಸ್ಟೋನ್‌ಹೆಂಜ್ ಕಟ್ಟಿದವರು ಇವರೇ ತಾನೇ?

ಇಲ್ಲ. ದಕ್ಷಿಣ ಇಂಗ್ಲೆಂಡಿನ ಆ ಪ್ರಾಚೀನ ಕಲ್ಲಿನ ವೃತ್ತದ ದೊಡ್ಡ ಕಲ್ಲುಗಳು ನಿಂತದ್ದು ಕ್ರಿ.ಪೂ. 2500ರ ಸುಮಾರಿಗೆ, ಸೀಸರ್ ಕಂಡ ಡ್ರೂಯಿಡ್‌ರಿಗೂ ಅವಕ್ಕೂ ನಡುವೆ ಎರಡೂವರೆ ಸಾವಿರ ವರ್ಷಗಳ ಅಂತರವಿದೆ. 17ನೆಯ ಶತಮಾನದ ಜಾನ್ ಆಬ್ರಿ, 18ನೆಯ ಶತಮಾನದ ವಿಲಿಯಮ್ ಸ್ಟ್ಯೂಕ್ಲಿ ಎಂಬ ಪುರಾತನ ವಸ್ತುಗಳ ಶೋಧಕರು ಎರಡನ್ನೂ ಗಂಟುಹಾಕಿದರು, ಆ ಗಂಟು ಇನ್ನೂ ಬಿಚ್ಚಿಲ್ಲ. ಆದರೂ ಇಂದಿನ ಡ್ರೂಯಿಡ್‌ರು ಅಲ್ಲಿ ಸೇರುವುದು ನಿಜ. 1985ರಲ್ಲಿ ಅತ್ತ ಹೊರಟಿದ್ದ ಅಲೆಮಾರಿ ತಂಡದ ಮೇಲೆ ಪೊಲೀಸರು ಬಿದ್ದ ಕಹಿ ಘಟನೆಯ ನಂತರ ಬಹುಕಾಲ ನಿರ್ಬಂಧವಿತ್ತು. 2000ದಿಂದ ಜೂನ್‌ನ ದೀರ್ಘ ಹಗಲಿನ ಸೂರ್ಯೋದಯಕ್ಕೆ ಎಲ್ಲರಿಗೂ ಪ್ರವೇಶವಿದೆ. ಜನಜಂಗುಳಿ ನಿಮಗೆ ಹಿಡಿಸುವುದಾದರೆ ಹೋಗಿ. ಮೌನ ಬೇಕಾದವರಿಗೆ ಆ ದಿನ ಅದಲ್ಲ.

ನರಬಲಿ ಕೊಡುತ್ತಿದ್ದರಂತೆ?

ಸೀಸರ್ ಮತ್ತು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಹಾಗೆ ಬರೆದಿದ್ದಾರೆ. ಗೆದ್ದವರು ಸೋತವರ ಬಗ್ಗೆ ಬರೆದದ್ದನ್ನು ಎಷ್ಟು ನಂಬಬೇಕು ಎಂಬುದು ನಮಗೂ ಹೊಸ ಪ್ರಶ್ನೆಯೇನಲ್ಲ. ಹಾಗೆಂದು ಪೂರ್ತಿ ತಳ್ಳಿಹಾಕುವುದೂ ಜಾಣತನವಲ್ಲ. 1984ರಲ್ಲಿ ಚೆಷೈರ್‌ನ ಜೌಗು ನೆಲದಲ್ಲಿ ಸಿಕ್ಕ ಪ್ರಾಚೀನ ಶವದ ತಲೆಗೆ ಏಟು ಬಿದ್ದಿತ್ತು, ಕುತ್ತಿಗೆಗೆ ಹುರಿ ಬಿಗಿದಿತ್ತು. ಅದು ಬಲಿಯೋ ಬರಿಯ ಕೊಲೆಯೋ ಎಂಬ ವಾದ ಮುಗಿದಿಲ್ಲ. ಇಂದಿನ ಡ್ರೂಯಿಡ್ ಕೂಟದಲ್ಲಿ ಅರ್ಪಿಸುವುದು ಬ್ರೆಡ್ಡು ಮತ್ತು ಜೇನಿನ ಮದ್ಯ; ಕುಡಿಯದವರಿಗೆ ಸೇಬಿನ ರಸ.

ಇದೆಲ್ಲ ಸರಿ ಕಣೇ, ದೇವರ ಮುಂದೆ ದೀಪ ಹಚ್ಚುತ್ತೀಯೋ ಇಲ್ಲವೋ?

ನನ್ನ ಚಿಕ್ಕಮ್ಮನ ಪ್ರಶ್ನೆ. ಹಚ್ಚುತ್ತೇನೆ ಚಿಕ್ಕಮ್ಮ. ಗೌರಿ-ಗಣೇಶ ಹಬ್ಬವೂ ತಪ್ಪಿಲ್ಲ. ನಮ್ಮ ಸಂಘ ಯಾರನ್ನೂ ಹಿಂದಿನ ಧರ್ಮ ಬಿಡಲು ಹೇಳುವುದಿಲ್ಲ. ಕ್ರೈಸ್ತ ಡ್ರೂಯಿಡ್‌ರಿದ್ದಾರೆ, ಬೌದ್ಧರಿದ್ದಾರೆ, ದೇವರೇ ಬೇಡವೆನ್ನುವವರೂ ಇದ್ದಾರೆ. ಇದನ್ನೇ ತಮ್ಮ ಧರ್ಮವೆಂದು ಪೂರ್ಣವಾಗಿ ಸ್ವೀಕರಿಸಿದವರೂ ಉಂಟು. ಡ್ರೂಯಿಡ್ ನೆಟ್‌ವರ್ಕ್ ಎಂಬ ಸಂಸ್ಥೆಯನ್ನು 2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ದತ್ತಿ ಆಯೋಗ ಧಾರ್ಮಿಕ ದತ್ತಿ ಸಂಸ್ಥೆಯೆಂದು ಮಾನ್ಯ ಮಾಡಿತು. 2011ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 4,189 ಜನ ಧರ್ಮದ ಅಂಕಣದಲ್ಲಿ ಡ್ರೂಯಿಡ್ ಎಂದು ಬರೆಸಿದ್ದರು.

ಭಾರತೀಯರನ್ನು ಸೇರಿಸಿಕೊಳ್ಳುತ್ತಾರೆಯೇ? ಕೆಲ್ಟಿಕ್ ರಕ್ತ ಬೇಕಲ್ಲವೇ?

ದೊಡ್ಡ ಸಂಘಗಳು ಯಾವುವೂ ವಂಶ ಕೇಳುವುದಿಲ್ಲ. ರಕ್ತದ ಮಾತಾಡುವವರು ಅಂಚಿನಲ್ಲಿ ಕೆಲವರಿದ್ದಾರೆ. ಅವರ ಜೊತೆ ಚಹಾ ಕುಡಿಯುವುದಕ್ಕೂ ನಾನು ಹೋಗುವುದಿಲ್ಲ.

## ಕಲಿಕೆಯ ಬಗ್ಗೆ

ಅಕ್ಕಾ, ಕೋರ್ಸ್ ಎಂದರೆ ನಿಜವಾಗಿ ಏನು ಕಲಿಸುತ್ತಾರೆ?

ಮೂರು ಹಂತಗಳಿವೆ: ಬಾರ್ಡ್, ಓವೇಟ್, ಡ್ರೂಯಿಡ್. ಬಾರ್ಡ್ ಎಂದರೆ ಕಥೆ, ಹಾಡು, ಕಾವ್ಯದ ಹಂತ. ಓವೇಟ್ ಹಂತದಲ್ಲಿ ಮರಗಿಡ, ಔಷಧ ಸಸ್ಯ, ಶಕುನ, ಸಾವು ಮತ್ತು ಪೂರ್ವಜರ ವಿಚಾರ. ಡ್ರೂಯಿಡ್ ಹಂತದಲ್ಲಿ ತತ್ವಚಿಂತನೆ, ವಿಧಿ ನಡೆಸುವುದು. ಪಾಠಗಳು ಪುಸ್ತಿಕೆಗಳಾಗಿ ಅಂಚೆಯಲ್ಲಿ ಬರುತ್ತವೆ.

ಮೊದಲ ಹಂತದ ನಡುವೆ ನಿಂತಿರುವುದು ವೇಲ್ಸ್‌ನ ಒಂದು ಹಳೆಯ ಕಥೆ. ಕೆರಿಡ್‌ವೆನ್ ಎಂಬ ಮಾಟಗಾತಿ ತನ್ನ ಕುರೂಪಿ ಮಗನಿಗೆ ಜ್ಞಾನವಾದರೂ ಸಿಗಲೆಂದು ಒಂದು ವರ್ಷ ಮತ್ತು ಒಂದು ದಿನ ಕಡಾಯಿಯಲ್ಲಿ ಮೂಲಿಕೆ ಕುದಿಸುತ್ತಾಳೆ. ಕಡಾಯಿ ಕದಡಲು ಗ್ವಿಯೋನ್ ಎಂಬ ಹುಡುಗ. ಕೊನೆಗೆ ಮೂರು ಹನಿ ಅವನ ಬೆರಳಿಗೆ ಸಿಡಿಯುತ್ತವೆ, ಉರಿಗೆ ಬೆರಳನ್ನು ಬಾಯಿಗಿಟ್ಟುಕೊಳ್ಳುತ್ತಾನೆ, ಜ್ಞಾನವೆಲ್ಲ ಅವನಿಗೇ. ಅವಳು ಅಟ್ಟಿಸಿಕೊಂಡು ಬರುತ್ತಾಳೆ. ಅವನು ಮೊಲವಾದರೆ ಅವಳು ಬೇಟೆನಾಯಿ, ಅವನು ಮೀನಾದರೆ ಅವಳು ನೀರುನಾಯಿ, ಅವನು ಹಕ್ಕಿಯಾದರೆ ಅವಳು ಗಿಡುಗ. ಕೊನೆಗೆ ಅವನು ಗೋಧಿಯ ಕಾಳಾಗಿ ರಾಶಿಯಲ್ಲಿ ಅಡಗಿದಾಗ ಅವಳು ಕಪ್ಪು ಕೋಳಿಯಾಗಿ ನುಂಗುತ್ತಾಳೆ, ಬಸಿರಾಗುತ್ತಾಳೆ. ಹುಟ್ಟಿದ ಮಗುವನ್ನು ಕೊಲ್ಲಲು ಮನಸ್ಸು ಬಾರದೆ ಚರ್ಮದ ಚೀಲದಲ್ಲಿಟ್ಟು ನೀರಿಗೆ ಬಿಡುತ್ತಾಳೆ. ಆ ಮಗುವೇ ಮುಂದೆ ತಲಿಯೆಸಿನ್ ಎಂಬ ಮಹಾಕವಿ.

ಈ ಒಂದೇ ಕಥೆಯನ್ನು ತಿಂಗಳುಗಟ್ಟಲೆ ಓದಿಸುತ್ತಾರೆ. ಮೊದಲು ಬೇಸರ ಬರುತ್ತದೆ. ಆಮೇಲೆ ಒಂದು ಸಲ ಕೇವಲ ಕಡಾಯಿ ಕದಡುವ ಹುಡುಗನ ಬಗ್ಗೆ ಯೋಚಿಸುತ್ತೀರಿ, ಇನ್ನೊಂದು ಸಲ ಮಗನಿಗಾಗಿ ವರ್ಷವಿಡೀ ದುಡಿದು ಫಲ ಕಳೆದುಕೊಂಡ ತಾಯಿಯ ಬಗ್ಗೆ. ಆ ಕುರೂಪಿ ಮಗನ ಗತಿಯೇನಾಯಿತು ಎಂದು ಮಾತ್ರ ಕಥೆ ಮತ್ತೆ ವಿಚಾರಿಸುವುದಿಲ್ಲ. ನನ್ನ ಮಾರ್ಗದರ್ಶಕರಿಗೆ ನಾನು ಬರೆದ ಅತಿ ಉದ್ದದ ಪತ್ರ ಅವನ ಕುರಿತದ್ದು. ಕೋರ್ಸಿನಲ್ಲಿ ನನಗೆ ಅತ್ಯಂತ ಬೆಲೆಬಾಳುವ ಭಾಗ ಯಾವುದೆಂದರೆ ಈ ಕಥೆ ಎನ್ನುತ್ತೇನೆ. ಧ್ಯಾನದ ಕೆಲವು ಪಾಠಗಳು ನನಗೆ ಸಪ್ಪೆ ಅನ್ನಿಸಿದವು.

ಗುರು ಇದ್ದಾರೆಯೇ? ದೀಕ್ಷೆ ಕೊಡುತ್ತಾರೆಯೇ?

ಗುರು ಎನ್ನುವ ಅರ್ಥದಲ್ಲಿ ಯಾರೂ ಇಲ್ಲ. ಪತ್ರ ಅಥವಾ ಇಮೇಲ್ ಮೂಲಕ ಮಾತನಾಡುವ ಮಾರ್ಗದರ್ಶಕರೊಬ್ಬರಿರುತ್ತಾರೆ. ಅವರೂ ಕೆಲವು ವರ್ಷ ಮುಂದೆ ನಡೆದ ವಿದ್ಯಾರ್ಥಿಗಳೇ. ಪ್ರತಿ ಹಂತಕ್ಕೂ ಪ್ರವೇಶ ವಿಧಿ ಇದೆ. ಅದನ್ನು ಕೂಟದಲ್ಲಿ ಮಾಡಿಸಿಕೊಳ್ಳಬಹುದು, ಪುಸ್ತಿಕೆ ನೋಡಿಕೊಂಡು ಮನೆಯ ಹಿತ್ತಲಲ್ಲಿ ಒಬ್ಬರೇ ಮಾಡಿಕೊಳ್ಳಲೂಬಹುದು. ಕಾಲು ಮುಟ್ಟಿ ನಮಸ್ಕರಿಸುವ ಅಭ್ಯಾಸದವರಿಗೆ ಇದು ಒಂಟಿತನ ಅನ್ನಿಸಬಹುದು. ಕೋರ್ಸಿಗೆ ಶುಲ್ಕವಿದೆ. ಅದನ್ನು ಮೀರಿ ಯಾರಾದರೂ ರಹಸ್ಯ ಉಪದೇಶಕ್ಕೆಂದು ಹಣ ಕೇಳಿದರೆ ಎದ್ದು ಬನ್ನಿ.

ಅವರು ಹಾಡುವ ‘ಆವೆನ್’ ನಮ್ಮ ಓಂಕಾರವೇ ಅಲ್ಲವೇ?

ಕೇಳುವುದಕ್ಕೆ ಹತ್ತಿರ, ಅಷ್ಟೇ. ಆವೆನ್ ವೆಲ್ಷ್ ಭಾಷೆಯಲ್ಲಿ ಕವಿಗೆ ಬರುವ ಸ್ಫೂರ್ತಿ. ಕಡಾಯಿಯಿಂದ ಸಿಡಿದ ಮೂರು ಹನಿಗಳೂ ಅದೇ ಎನ್ನುತ್ತಾರೆ. ಸ್ವರಗಳನ್ನು ಎಳೆದು ಹಾಡುತ್ತಾರೆ. ಗುಂಪಿನಲ್ಲಿ ಒಬ್ಬರ ಉಸಿರು ಮುಗಿಯುವಾಗ ಇನ್ನೊಬ್ಬರದು ಶುರುವಾಗಿ ನಾದ ನಿಲ್ಲದೆ ಸಾಗುತ್ತದೆ. ಪ್ರಣವಕ್ಕಿರುವ ಉಪನಿಷತ್ತಿನ ಚಿಂತನೆ ಇದಕ್ಕಿಲ್ಲ, ಇರಬೇಕಾಗಿಯೂ ಇಲ್ಲ. ಎಲ್ಲದರಲ್ಲೂ ನಮ್ಮದನ್ನೇ ಹುಡುಕುವ ಚಟಕ್ಕೆ ನಾನು ಸ್ವಲ್ಪ ಕಡಿವಾಣ ಹಾಕಿಕೊಂಡಿದ್ದೇನೆ.

ಬಿಳಿ ನಿಲುವಂಗಿ ಹಾಕಲೇಬೇಕೇ?

ಬೇಡ. ಬ್ರಿಸ್ಟಲ್‌ನ ಮಳೆಗೆ ರೇನ್‌ಕೋಟೇ ಸರಿ.

ದಿನಾ ಏನು ಮಾಡುತ್ತೀರಿ? ‘ಪ್ರಕೃತಿಯೊಂದಿಗೆ ಬೆರೆಯುವುದು’ ಎಂದರೆ ನನಗೆ ಏನೂ ಅರ್ಥವಾಗುವುದಿಲ್ಲ.

ನನಗೂ ಆ ಮಾತು ಅಷ್ಟು ಇಷ್ಟವಿಲ್ಲ. ಮಾಡುವುದು ಇಷ್ಟು: ಒಂದೇ ಜಾಗವನ್ನು ಆರಿಸಿಕೊಂಡು, ಮತ್ತೆ ಮತ್ತೆ ಅಲ್ಲಿಗೇ ಹೋಗಿ, ಅರ್ಧ ಗಂಟೆ ಕೂತು ಬರುವುದು. ಮೊಬೈಲ್ ಚೀಲದೊಳಗೆ. ಮಂತ್ರವಿಲ್ಲ, ಕಣ್ಣು ಮುಚ್ಚುವುದಿಲ್ಲ. ಮನೆಗೆ ಬಂದು ಕಂಡದ್ದನ್ನು ಬರೆದಿಡುವುದು.

ನನ್ನ ಜಾಗ ಏವನ್ ಕಮರಿಯ ಆಚೆ ದಡದ ಲೀ ವುಡ್ಸ್ ಕಾಡಿನಲ್ಲಿದೆ, ಒಂದು ಆ್ಯಶ್ ಮರದ ಬುಡದಲ್ಲಿ. ಈ ಕಮರಿಯಲ್ಲಿ ಮಾತ್ರ ಬೆಳೆಯುವ, ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಬ್ರಿಸ್ಟಲ್ ವೈಟ್‌ಬೀಮ್ ಎಂಬ ಮರವಿದೆ. ಹೊಸಬರು ಅದನ್ನು ನೋಡಲು ಬರುತ್ತಾರೆ. ಆ್ಯಶ್ ಸಾಮಾನ್ಯ ಮರ, ಇಂಗ್ಲೆಂಡಿನ ಬೇಲಿಗಳಲ್ಲೆಲ್ಲ ಸಿಗುವಂಥದ್ದು. ಬೇರೆ ಮರಗಳು ಚಿಗುರಿ ಹಸಿರಾದ ಮೇಲೂ ಅದು ಬೋಳಾಗಿ ನಿಂತಿರುತ್ತದೆ. ಮೇ ತಿಂಗಳಲ್ಲಿ ನಿಧಾನವಾಗಿ ಎಲೆ ಬಿಡುತ್ತದೆ. ಅಷ್ಟರೊಳಗೆ ನೆಲದ ಮೇಲೆ ಕಾಡು ಬೆಳ್ಳುಳ್ಳಿ ಹೂಬಿಟ್ಟಿರುತ್ತದೆ, ಇಡೀ ಕಾಡು ಒಗ್ಗರಣೆಗೆ ಕಾದಿರುವ ಹಾಗೆ ನಾರುತ್ತದೆ.

ಈ ಮರಕ್ಕೆ ರೋಗ ತಗಲಿದೆ. ಆ್ಯಶ್ ಮರಗಳನ್ನು ತುದಿಯಿಂದ ಒಣಗಿಸುವ ಶಿಲೀಂಧ್ರ ಬ್ರಿಟನ್ನಿನಲ್ಲಿ 2012ರಲ್ಲಿ ಪತ್ತೆಯಾಯಿತು. ಉದುರಿದ ಎಲೆಯ ತೊಟ್ಟುಗಳಲ್ಲಿ ಬೆಳೆದು ಗಾಳಿಯಲ್ಲಿ ಹರಡುತ್ತದೆ. ದೇಶದ ಆ್ಯಶ್ ಮರಗಳಲ್ಲಿ ಶೇ 80ರಷ್ಟು ಸಾಯಬಹುದೆಂಬ ಅಂದಾಜಿದೆ. ನನ್ನ ಮರದ ನೆತ್ತಿ ತೆಳುವಾಗುತ್ತ ಬಂದಿದೆ, ಕಾಂಡದ ಮೇಲೆ ಅಲ್ಲಲ್ಲಿ ಗಾಬರಿಬಿದ್ದ ಹಾಗೆ ಚಿಗುರುಗಳು ಒಡೆದಿವೆ. ಪ್ರಕೃತಿಯ ಮಡಿಲಲ್ಲಿ ಶಾಂತಿ ಸಿಗುತ್ತದೆ ಎಂದು ಹೇಳಿಕೊಂಡು ತಿರುಗುವವರಿಗೆ ನಾನು ಹೇಳುವುದಿದು: ಒಂದೇ ಕಡೆ ಕೂತು ನೋಡಿದರೆ ಮೊದಲು ಸಿಗುವುದು ಆತಂಕ. ಏನು ಕಡಿಮೆಯಾಗುತ್ತಿದೆ ಎಂಬುದು ಕಣ್ಣಿಗೆ ಬೀಳತೊಡಗುತ್ತದೆ. ಜಾಗ ಬದಲಾಯಿಸುವ ಆಸೆ ನನಗೂ ಬಂದಿತ್ತು. ಆದರೆ ಓವೇಟ್ ಹಂತದ ಪಾಠಗಳು ಸಾವಿನ ಬಗ್ಗೆ ಹೇಳುವುದನ್ನು ಓದುತ್ತ, ಸಾಯುತ್ತಿರುವ ಮರದ ಬಳಿ ಹೋಗದೆ ಇರುವುದು ಸರಿಯೆನಿಸಲಿಲ್ಲ. ಅಪರೂಪಕ್ಕೆ ಕೆಲವು ಆ್ಯಶ್ ಮರಗಳಿಗೆ ರೋಗನಿರೋಧಕ ಗುಣವಿದೆ, ಅವುಗಳ ಬೀಜಗಳಿಂದ ಹೊಸ ಪೀಳಿಗೆ ಬೆಳೆಸುವ ಪ್ರಯತ್ನ ನಡೆದಿದೆ. ಆ ಸುದ್ದಿಗಳನ್ನು ಈಗ ಬೆನ್ನುಹತ್ತಿ ಓದುತ್ತೇನೆ. ಇದು ಅಧ್ಯಾತ್ಮವೋ ಸಸ್ಯಶಾಸ್ತ್ರವೋ ಎಂದು ಕೇಳಿದರೆ ಗೆರೆ ಎಳೆದು ತೋರಿಸಲು ನನಗೆ ಬರುವುದಿಲ್ಲ.

## ಇನ್ನಷ್ಟು ಒಳಗೆ

ಎಂಟು ಹಬ್ಬಗಳನ್ನು ಬೆಂಗಳೂರಿನಲ್ಲಿ ಆಚರಿಸುವುದು ಹೇಗೆ?

ಹಬ್ಬಗಳ ಚಕ್ರ ಹೀಗಿದೆ: ಸೂರ್ಯನ ನಾಲ್ಕು ತಿರುವುಗಳು, ಅಂದರೆ ಎರಡು ಸಮ ಹಗಲಿರುಳು, ಒಂದು ದೀರ್ಘ ಹಗಲು, ಒಂದು ದೀರ್ಘ ಇರುಳು, ಇವುಗಳ ನಡುವೆ ಐರಿಶ್ ಮೂಲದ ನಾಲ್ಕು ಹಬ್ಬಗಳಾದ ಸಾವಿನ್, ಇಂಬೊಲ್ಕ್, ಬೆಲ್ಟೇನ್, ಲೂನಸಾ. ಎಂಟನ್ನೂ ಒಂದೇ ಚಕ್ರಕ್ಕೆ ಸೇರಿಸಿದ್ದು 1950ರ ದಶಕದಲ್ಲಿ.

ಇಲ್ಲಿ ಅವುಗಳಿಗೆ ಅರ್ಥವಿದೆ, ಏಕೆಂದರೆ ಬ್ರಿಸ್ಟಲ್‌ನ ದೀರ್ಘ ಹಗಲಿಗೂ ಗಿಡ್ಡ ಹಗಲಿಗೂ ಸುಮಾರು ಒಂಬತ್ತು ಗಂಟೆ ವ್ಯತ್ಯಾಸ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾದಾಗ ಸೂರ್ಯ ಮರಳಲೆಂದು ಬೆಂಕಿ ಹಚ್ಚುವುದು ನಾಟಕ ಅನ್ನಿಸುವುದಿಲ್ಲ. ಬೆಂಗಳೂರಿನಲ್ಲಿ ಆ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಜೂನ್ 21ರ ನಡುಹಗಲು ಅಲ್ಲಿ ಸೂರ್ಯ ನೆತ್ತಿಯ ಮೇಲೂ ಇರುವುದಿಲ್ಲ, ಉತ್ತರಕ್ಕೆ ಸರಿದಿರುತ್ತಾನೆ. ನೆತ್ತಿಗೆ ಬರುವುದು ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ. ಆಗ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಇಂಗ್ಲೆಂಡಿನಲ್ಲಿ ಇದು ಎಂದೂ ಆಗದು. ಹಾಗಾಗಿ ಕೇಳಿದವರಿಗೆ ನಾನು ಹೇಳುವುದು, ಇಲ್ಲಿನ ಪಟ್ಟಿಯನ್ನು ಅಲ್ಲಿ ಅಂಟಿಸಬೇಡಿ. ಶೂನ್ಯ ನೆರಳಿನ ದಿನಗಳನ್ನು ಗುರುತಿಸಿ. ರೈತರ ಮಳೆ ನಕ್ಷತ್ರಗಳನ್ನು ಹಿಡಿಯಿರಿ. ಇಲ್ಲಿಯವರು ದೀರ್ಘ ಹಗಲು ಆಚರಿಸುವ ದಿನಗಳಲ್ಲೇ ಅಲ್ಲಿ ಆರಿದ್ರಾ ಮಳೆ ಕೂಡುತ್ತದೆ. ಮಲೆನಾಡಿನಲ್ಲಿ ಬಸುರಿ ಗದ್ದೆಗೆ ಬಯಕೆಯ ಅಡುಗೆ ಉಣಿಸುವ ಭೂಮಿ ಹುಣ್ಣಿಮೆಯನ್ನು ಕಂಡ ಇಂಗ್ಲಿಷ್ ಡ್ರೂಯಿಡ್ ಯಾರಾದರೂ ಇದ್ದರೆ ಅಸೂಯೆಪಟ್ಟಾರು.

ನಾನು ಹುಟ್ಟಿದ್ದು ಮಾರ್ಚ್‌ನಲ್ಲಿ. ಕೆಲ್ಟಿಕ್ ಪಂಚಾಂಗದ ಪ್ರಕಾರ ನನ್ನ ಜನ್ಮವೃಕ್ಷ ಯಾವುದು?

ಓಗಮ್ ಎಂಬ ಐರಿಶ್ ಲಿಪಿ ನಿಜ. ಮೂಲದಲ್ಲಿ 20 ಅಕ್ಷರಗಳು, ಕಲ್ಲಿನ ಅಂಚಿನಲ್ಲಿ ಕೊರೆದ ಗೀಟುಗಳು. 4ರಿಂದ 6ನೆಯ ಶತಮಾನದ ಶಾಸನಗಳು ಉಳಿದಿವೆ. ಕೆಲವು ಅಕ್ಷರಗಳಿಗೆ ಮರಗಳ ಹೆಸರೂ ಇದೆ. ಆದರೆ 13 ತಿಂಗಳ ವೃಕ್ಷ ಪಂಚಾಂಗ ಒಬ್ಬ ಇಂಗ್ಲಿಷ್ ಕವಿಯ ಕಲ್ಪನೆ, 1948ರಲ್ಲಿ ಪ್ರಕಟವಾದದ್ದು. ಅದನ್ನು ರಾಶಿಫಲದಂತೆ ಮಾರುವುದು ಅದಕ್ಕಿಂತ ಈಚಿನದು. ಹುಟ್ಟಿದ ದಿನಕ್ಕೆ ಮರ ಬೇಕೆಂದಿದ್ದರೆ ಒಂದು ಸಸಿ ನೆಡಿ.

ಬಂದಳಿಕೆ ನಮ್ಮ ಮಾವಿನ ಮರದಲ್ಲೂ ಇದೆ. ಅದೇ ಗಿಡವೇ?

ಅದೇ ಅಲ್ಲ, ದೂರದ ನೆಂಟ. ಪ್ಲಿನಿ ಹೇಳಿದ ಯೂರೋಪಿನ ಗಿಡಕ್ಕೆ ಬಿಳಿ ಹಣ್ಣು, ಓಕ್ ಮರದಲ್ಲಿ ಸಿಗುವುದು ಬಹಳ ಅಪರೂಪ. ಸೇಬಿನ ಮರಗಳಲ್ಲಿ ಹೇರಳ. ಕಷಾಯ ಮಾಡಬೇಡಿ, ಅದು ವಿಷ.

ಡ್ರೂಯಿಡ್‌ರೂ ವೈದಿಕ ಬ್ರಾಹ್ಮಣರೂ ಒಂದೇ ಮೂಲದವರಂತೆ, ಹೌದೇ?

ಬಾಯಿಪಾಠದ ವಿದ್ಯೆ, ಪುನರ್ಜನ್ಮ, ವಿಶೇಷ ಸ್ಥಾನಮಾನ ಇವನ್ನು ನೋಡಿದರೆ ಹಾಗನ್ನಿಸುವುದು ಸಹಜ. ಕೆಲ್ಟಿಕ್ ಭಾಷೆಗಳೂ ಸಂಸ್ಕೃತವೂ ಒಂದೇ ಭಾಷಾ ಕುಟುಂಬಕ್ಕೆ ಸೇರಿವೆ ಎಂಬುದೂ ಸರಿ. ಆದರೆ ವೇದಗಳು ಸ್ವರ ಸಮೇತ ಉಳಿದುಬಂದಿವೆ. ಡ್ರೂಯಿಡ್‌ರ ಒಂದು ಸ್ತುತಿಯೂ ನಮ್ಮ ಕೈಯಲ್ಲಿಲ್ಲ. ತಕ್ಕಡಿಯ ಒಂದು ತಟ್ಟೆ ಖಾಲಿ ಇರುವಾಗ ತೂಕದ ಮಾತು ಬೇಡ.

ನಮ್ಮ ದೇವರಕಾಡು, ನಾಗಬನ ಇರುವಾಗ ಅಷ್ಟು ದೂರದ್ದು ಯಾಕೆ ಬೇಕಿತ್ತು?

ನಾನು ಇಲ್ಲಿ ಬದುಕುತ್ತಿದ್ದೇನೆ, ಇಲ್ಲಿನ ಮರಗಳ ಹೆಸರು ಗೊತ್ತಿರಲಿಲ್ಲ, ಅದಕ್ಕೆ. ಕೊಡಗಿನಲ್ಲಿ ಇಂದಿಗೂ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಡ್ರೂಯಿಡ್‌ರು ಕಳೆದುಕೊಂಡು ಕಲ್ಪಿಸಿಕೊಳ್ಳಬೇಕಾಗಿ ಬಂದ ಪವಿತ್ರ ವನ ಕೊಡಗಿನವರಿಗೆ ಕಂದಾಯ ದಾಖಲೆಯಲ್ಲೇ ಇದೆ. ಆದರೂ ಕರಾವಳಿಯ ಎಷ್ಟೋ ನಾಗಬನಗಳಲ್ಲಿ ಮರ ಬಳ್ಳಿ ಸವರಿ, ಕಾಂಕ್ರೀಟ್ ಕಟ್ಟೆ ಕಟ್ಟಿ, ಗ್ರಾನೈಟ್ ಹಾಸಿದ್ದಾರೆ. ನಾಗನಿಗೆ ಬೇಕಾಗಿದ್ದ ತಂಪು ಯಾವುದು ಎಂದು ಅಲ್ಲಿ ನಿಂತರೆ ಬೆವರೇ ಹೇಳುತ್ತದೆ. ಭಕ್ತಿಯ ಈ ಎಡವಟ್ಟು ಇಲ್ಲಿಯೂ ಇದೆ. ಏವ್‌ಬರಿ ಬಳಿಯ ಐದು ಸಾವಿರ ವರ್ಷ ಹಳೆಯ ಕಲ್ಲಿನ ಸಮಾಧಿಯೊಳಗೆ ಜನ ಮೇಣದ ದೀಪ ಹಚ್ಚಿ ಕಲ್ಲಿಗೆ ಮಸಿ ಹಿಡಿಸುತ್ತಾರೆ, ಮರಗಳಿಗೆ ಕರಗದ ನೈಲಾನ್ ರಿಬ್ಬನ್ ಕಟ್ಟುತ್ತಾರೆ. ನಾನು ಸ್ವಲ್ಪ ನೀರು ಎರೆಯುತ್ತೇನೆ, ಕಂಡ ಕಸ ಹೆಕ್ಕಿಕೊಂಡು ಬರುತ್ತೇನೆ.

ವಿಧಿಗಳನ್ನು ಕನ್ನಡದಲ್ಲಿ ಮಾಡಬಹುದೇ, ಅಥವಾ ಅವರ ಭಾಷೆಯಲ್ಲೇ ಹೇಳಬೇಕೇ?

ಮಾಡಬಹುದು. ಯೋಲೋ ಕಟ್ಟಿದ ವಿಧಿಯ ಒಂದು ತುಣುಕು ವೇಲ್ಸ್‌ನ ರಾಷ್ಟ್ರೀಯ ಕಾವ್ಯೋತ್ಸವದಲ್ಲಿ ಇಂದಿಗೂ ಇದೆ: ಅರ್ಧ ಒರೆಯಿಂದೆಳೆದ ಖಡ್ಗದ ಮುಂದೆ ಮುಖ್ಯಸ್ಥರು ‘ಶಾಂತಿ ಇದೆಯೇ?’ ಎಂದು ಮೂರು ಸಲ ಕೇಳುತ್ತಾರೆ. ನೆರೆದ ಜನ ‘ಶಾಂತಿ’ ಎಂದು ಕೂಗಿದರಷ್ಟೇ ಮುಂದಿನ ಕಾರ್ಯ. ಡ್ರೂಯಿಡ್ ಕೂಟಗಳಲ್ಲಿ ಇದನ್ನು ನಾಲ್ಕು ದಿಕ್ಕಿಗೂ ಕೇಳುತ್ತಾರೆ. ನಾನು ಒಬ್ಬಳೇ ಇರುವಾಗ ಕನ್ನಡದಲ್ಲೇ ಕೇಳುತ್ತೇನೆ.

ದಿಕ್ಕುಗಳಿಗೆ ಭೂತಗಳನ್ನೂ ಹೊಂದಿಸಿದ್ದಾರೆ: ಮೂಡಣಕ್ಕೆ ಗಾಳಿ, ತೆಂಕಣಕ್ಕೆ ಬೆಂಕಿ, ಪಡುವಣಕ್ಕೆ ನೀರು, ಬಡಗಣಕ್ಕೆ ನೆಲ. ಪಡುವಣದಲ್ಲಿ ತೊಡಕಿಲ್ಲ. ಅದು ವರುಣನ ದಿಕ್ಕು, ಮಲೆನಾಡಿಗೂ ಬ್ರಿಸ್ಟಲ್‌ಗೂ ಮಳೆ ಅತ್ತಲಿಂದಲೇ. ತೆಂಕಣಕ್ಕೆ ಮಾತ್ರ ನನ್ನ ಕೈ ಹಿಂಜರಿಯುತ್ತದೆ; ದೀಪವನ್ನು ಯಮನ ದಿಕ್ಕಿಗೆ ಮುಖ ಮಾಡಿ ಇಡಬಾರದೆಂದು ಕೇಳಿ ಬೆಳೆದವಳು. ದೀಪವನ್ನು ಪೂರ್ವಕ್ಕೆ ತಿರುಗಿಸಿ, ತೆಂಕಣಕ್ಕೆ ಬರಿಯ ಮಾತು ಹೇಳುತ್ತೇನೆ ಎಂದು ಮಾರ್ಗದರ್ಶಕರಿಗೆ ಬರೆದೆ. ಅವರು ಆಕ್ಷೇಪಿಸಲಿಲ್ಲ. ಮುಂದಿನ ಪತ್ರದಲ್ಲಿ ಯಮನ ಬಗ್ಗೆ ಇನ್ನಷ್ಟು ಬರೆಯಿರಿ ಎಂದರು.